ಮೋಟಾರಿನ ನಿಟ್ಟುಸಿರು

ನಾನು ನಿಂತದ್ದು ಮೋಟಾರಿನ ಹಿಂದೆ, ಎಡಗಡೆ, ಪೆಟ್ರೋಲ್ ಟಾಕಿಯ ಬಾಯಿಯಿಂದ ಒಂದು ಮೊಳ ದೂರದಲ್ಲಿ. ಸಂಕೇಶ್ವರ ದಾಟಿದ್ದೆವು, ಗಡಹಿಂಗ್ಲಜಕ್ಕೆ ಇನ್ನು ನಾಲ್ಕು ಮೈಲಿ. ಅರವತ್ತೆರಡರ ಬೇಸಿಗೆ, ಬೆಳಗಿನ ಹತ್ತೂಕಾಲು ಗಂಟೆ. ಇಷ್ಟು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಕಂಡದ್ದನ್ನೆಲ್ಲ ಕಿಸೆಯ ವಹಿಯಲ್ಲಿ ಬರೆದಿಡುವ ಚಟ ನನಗಿತ್ತು. ಆ ಚಟದಿಂದ ಒಬ್ಬನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು.

ಮೋಟಾರು ನಮ್ಮ ಕಾಕಾ ಅವರದು. ಇಚಲಕರಂಜಿಯ ಶಹಾಪುರದಲ್ಲಿ ಅವರ ಮಗ್ಗಗಳು, ಗಡಹಿಂಗ್ಲಜದಲ್ಲಿ ಬಟ್ಟೆಯಂಗಡಿ. ವಾರಕ್ಕೊಮ್ಮೆ ನಡುವೆ ಓಡಾಟ, ಜೊತೆಗೆ ನಾನೂ. ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನ ಗಾಡಿ, ಕೊಲ್ಹಾಪುರದ ಯಾವುದೋ ಸರದಾರರ ಮನೆಯಿಂದ ಬಂದದ್ದು. ಆ ಮನೆತನದ ಗತ್ತು ಈಗ ಹಾರ್ನಿನಲ್ಲಷ್ಟೇ ಉಳಿದಿತ್ತು.

ಆ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಹಿಡಿಯಿತು. ಹತ್ತು ಹನ್ನೆರಡು ಮೈಲಿ ಸುಖವಾಗಿ ಓಡುವುದು, ಆಮೇಲೆ ಕೆಮ್ಮುವುದು, ಮುಗ್ಗರಿಸುವುದು, ನಿಲ್ಲುವುದು. ಗಾಡಿ ನಡೆಸುತ್ತಿದ್ದ ದತ್ತವಾಡದ ಬಾಳಪ್ಪ ಇಳಿದು ಒಮ್ಮೆ ಪ್ಲಗ್ ಬಿಚ್ಚಿ ಒರೆಸುವನು, ಇನ್ನೊಮ್ಮೆ ಕಾರ್ಬೊರೇಟರ್ ಊದುವನು, ಮತ್ತೊಮ್ಮೆ ವಾಯರು ಅಲುಗಿಸುವನು. ಏನು ಮಾಡಿದರೂ ಗಾಡಿ ಹೊರಡುವುದು. ರೋಗ ಒಂದೇ, ಔಷಧ ಬೇರೆ ಬೇರೆ, ಗುಣ ಮಾತ್ರ ಪ್ರತಿ ಸಲವೂ. ಇಂಥ ವೈದ್ಯನ ಮೇಲೆ ಯಾರಿಗೆ ಅನುಮಾನ ಬರುವುದಿಲ್ಲ? ಎಲ್ಲಿ ನಿಂತಿತು, ಬಾಳಪ್ಪ ಏನು ಮುಟ್ಟಿದ, ಎಷ್ಟು ನಿಮಿಷಕ್ಕೆ ಹೊರಟಿತು ಎಂದು ಬರೆಯುತ್ತ ಹೋದೆ. ನಡುವೆ ಒಂದು ಕಡೆ, ‘ಗಾಡಿಯೂ ನಿಟ್ಟುಸಿರು ಬಿಟ್ಟಿತು’ ಎಂದೂ ಬರೆದಿದ್ದೆ. ಅದು ಕವಿತ್ವ ಎಂದುಕೊಂಡಿದ್ದೆ.

ನಮ್ಮ ಬಸದಿಯಲ್ಲಿ ಪ್ರವಚನ ಹೇಳುವವರು ಯಾವ ಮಾತಿಗೂ ‘ಒಂದು ದೃಷ್ಟಿಯಿಂದ’ ಎಂದು ಸೇರಿಸಿಕೊಳ್ಳಬೇಕೆನ್ನುತ್ತಿದ್ದರು. ನಾನು ಅದನ್ನು ಬಿಟ್ಟು ಗಂಟೆ, ನಿಮಿಷ ಸೇರಿಸುತ್ತಿದ್ದೆ. ಗಡಿಯಾರ ಇದ್ದವನಿಗೆ ತತ್ತ್ವಶಾಸ್ತ್ರ ಏಕೆ ಎಂಬ ಧೈರ್ಯ.

ಅಂದು ಗಾಡಿ ನಿಂತಾಗ ಕಾಕಾ ವಹಿ ತೆಗೆಯಲು ಹೇಳಿದರು. ರಸ್ತೆಯ ಬದಿಯಲ್ಲಿ ನಿಂತು ನಾನು ಒಂದೊಂದಾಗಿ ಓದಿದೆ. ಹಿಂದಿನ ಸೀಟಿನಲ್ಲಿದ್ದ ಕಾಕು, ಕಾಕಾ ಅವರ ಹೆಂಡತಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದರು.

“ಇವನ ನಿಲ್ಲಸ್ತಾನ, ಇವನ ಹೊರಡಸ್ತಾನ,” ಎಂದರು ಕಾಕಾ. “ತನ್ನ ಬಿಟ್ಟರ ಈ ಗಾಡಿ ಯಾರ ಕೈಯಾಗೂ ನಡಿಯಂಗಿಲ್ಲ ಅಂತ ತೋರಸಾಕತ್ತಾನ. ಬಾಳಪ್ಪಾ, ಗಡಹಿಂಗ್ಲಜ ಮುಟ್ಟಿದ ಮ್ಯಾಲ ಕೀಲಿ ಕೊಟ್ಟು ನಿಮ್ಮೂರ ಹಾದಿ ಹಿಡಿ.”

ಬಾಳಪ್ಪ ಬಾನೆಟ್ ಎತ್ತಲಿಲ್ಲ. ಅರಿವೆಯಿಂದ ಕೈ ಒರೆಸಿಕೊಂಡು ನನ್ನ ಕಡೆ ನೋಡಿದ.

“ಅಣ್ಣಾರ, ವಹಿಯಾಗ ನಾ ಏನೇನ ಮಾಡಿದೆ ಅನ್ನೂದೆಲ್ಲಾ ಬರದೀರಿ. ನೀವೇನ ಮಾಡಿದ್ರಿ ಅಂತ ಬರದೀರೇನ್ರಿ?”

ನಾನೇನು ಮಾಡುತ್ತಿದ್ದೆ? ಗಾಡಿ ನಿಂತ ಕೂಡಲೇ ಟಾಕಿಯ ಮುಚ್ಚಳ ತಿರುವಿ, ಬಿದಿರು ಕಡ್ಡಿ ಅದ್ದಿ ಪೆಟ್ರೋಲ್ ಎಷ್ಟಿದೆ ನೋಡುತ್ತಿದ್ದೆ. ಅದೂ ಒಂದು ಕೆಲಸವೇ ಬರೆಯಲಿಕ್ಕೆ!

ಈ ಸಲ ಯಾರೂ ಏನೂ ಮುಟ್ಟುವುದು ಬೇಡ ಎಂದು ಬಾಳಪ್ಪ ಕೇಳಿಕೊಂಡ. ಐದು ನಿಮಿಷ ಬಿಟ್ಟು ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದ. ಹೊರಡಲಿಲ್ಲ. ಮತ್ತೆ ತಿರುವಿದ, ಇಲ್ಲ. ಬೆವರು ಒರೆಸಿಕೊಂಡು, “ಈಗ ನೀವು ಯಾವಾಗ್ಲೂ ಮಾಡೂದನ್ನ ಮಾಡ್ರಿ,” ಎಂದ.

ಮುಚ್ಚಳ ತಿರುವಿದೆ. ‘ಸುಸ್’ ಎಂದು ಗಾಳಿ ಒಳಕ್ಕೆ ಹೋಯಿತು. ನನ್ನ ಕವಿತ್ವದ ನಿಟ್ಟುಸಿರು. ಬಾಳಪ್ಪ ಹ್ಯಾಂಡಲ್ ಹಾಕಿದ, ಗಾಡಿ ಹೊರಟಿತು.

ಮುಚ್ಚಳದ ಕೆಳಗಿತ್ತು ಕಾಕು ಕೊಟ್ಟ ಅರಿವೆ. ನಮ್ಮ ಮನೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಪೆಟ್ರೋಲಿನಲ್ಲಿ ಹುಳ ಬಿದ್ದು ಸತ್ತರೆ ಪಾಪವಲ್ಲವೇ ಎಂದು ಅವರು ಬೇಸಿಗೆಯ ಮೊದಲಲ್ಲೇ ನೀರು ಸೋಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದರು. ಟಾಕಿಯ ಬಾಯಿಗೆ ಹಾಕಿ, ಮೇಲೆ ಮುಚ್ಚಳ ಬಿಗಿದವನು ನಾನು. ಪ್ರತಿ ಸಲ ತೆಗೆದು ಭಕ್ತಿಯಿಂದ ಮರಳಿ ಹಾಕಿದವನೂ ನಾನೇ. ಮಗ್ಗದ ಹತ್ತಿಯ ನವಿರು, ರಸ್ತೆಯ ಧೂಳು ಸೇರಿ ಅದು ಕಟಕ್ ರೊಟ್ಟಿಯಂತೆ ಒಣಗಿ ಗಟ್ಟಿಯಾಗಿತ್ತು. ಪೆಟ್ರೋಲ್ ಇಳಿದ ಹಾಗೆ ಅದರ ಜಾಗಕ್ಕೆ ಗಾಳಿ ಬರಲೆಂದು ಮುಚ್ಚಳದಲ್ಲಿ ಒಂದು ತೂತಿರುತ್ತದೆ. ಅದನ್ನು ನಾವು ಮುಚ್ಚಿದ್ದೆವು. ಉಸಿರು ಕಟ್ಟಿದ ಟಾಕಿ ಪೆಟ್ರೋಲ್ ಬಿಡುತ್ತಿರಲಿಲ್ಲ.

“ರೋಗಾನೂ ನಿಮ್ಮ ಕೈಯಾಗ ಇತ್ತು, ಔಷಧಾನೂ ನಿಮ್ಮ ಕೈಯಾಗ ಇತ್ತರಿ,” ಎಂದ ಬಾಳಪ್ಪ. ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಕು ಆ ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡಿ, “ಏನಾರ ಆಗಲಿ, ಒಂದ ಹುಳಾನೂ ಸತ್ತಿಲ್ಲ ನೋಡ್ರಿ,” ಎಂದರು. ಕಾಕಾ ಮುಂದಿನ ಸೀಟಿನಲ್ಲಿ ಬಾಳಪ್ಪನ ಪಕ್ಕಕ್ಕೆ ಹೋಗಿ ಕೂತರು. ಅದುವರೆಗೆ ಅವರು ಅಲ್ಲಿ ಕೂತದ್ದಿಲ್ಲ. ಕೀಲಿಯ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಕಾಕಾ ಈಗಿಲ್ಲ, ಕಾಕೂ ಇಲ್ಲ. ನಾನು ಬರೆದದ್ದರ ಮೇಲೆ ಸಂಶಯ ಬಂದರೆ, ಬರಬೇಕಾದದ್ದೇ, ದತ್ತವಾಡಕ್ಕೆ ಹೋಗಿ ಕೇಳಿ. ಬಾಳಪ್ಪ ಇನ್ನೂ ಇದ್ದಾನೆ. ಅವನು ವಹಿ ಇಟ್ಟವನಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ನನಗಿಂತ ಮೊದಲು ನೋಡಿದವನು ಅವನೇ.