ಅಧ್ಯಕ್ಷಜ್ಜಿಯ ಸಲಹೆ

ಅಂಗಾಲಿಗೆ ಹೊಕ್ಕ ಜಾಲಿಮುಳ್ಳು ಕೀಳುತ್ತಲೇ ಅಜ್ಜಿ ಸಭೆ ನಡೆಸುತ್ತಿದ್ದರು. ಶಾಲೆಯ ಜಗಲಿಯ ಮೇಲೆ ಕೂತು, ಬಿರುಕು ಬಿಟ್ಟ ಹಿಮ್ಮಡಿಯನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಬಳೆಗೆ ಸಿಕ್ಕಿಸಿದ ಪಿನ್ನು ಬಿಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಳ್ಳಿನ ಮೇಲೆ, ಕಿವಿ ನಮ್ಮ ಮೇಲೆ. ಹೆಡ್‌ಮಾಸ್ಟರು ಮಾತು ಎಳೆದರೆ ತಲೆ ಎತ್ತದೆಯೇ, "ಊಂ, ಮುಂದಕ್ಕೆ ಹೋಗ್ರಿ" ಅನ್ನುತ್ತಿದ್ದರು.

ಚಳ್ಳಕೆರೆ ತಾಲ್ಲೂಕಿನಲ್ಲಿ, ಮೊಳಕಾಲ್ಮೂರು ಕಡೆಯ ಒಂದು ಕುರಿಗಾಹಿಗಳ ಹಟ್ಟಿಯ ಶಾಲೆ ಅದು. ತಾಯಿಯಿಲ್ಲದ ಮೊಮ್ಮಗಳಿಗೆ ಪೋಷಕಿಯಾಗಿ ಶಾಲಾ ಸಮಿತಿಗೆ ಬಂದವರು ಅದರ ಅಧ್ಯಕ್ಷೆಯೂ ಆಗಿದ್ದರು. ಮಕ್ಕಳ ಬಾಯಲ್ಲಿ ಅಧ್ಯಕ್ಷಜ್ಜಿ. ನಾನು ಆ ಸುತ್ತಿನ ಹತ್ತಾರು ಶಾಲೆಗಳ ವರದಿ ಬರೆದು ಮೇಲಕ್ಕೆ ಕಳಿಸುವ ಇಲಾಖೆಯ ಮನುಷ್ಯ. ಮನೆ ಚಳ್ಳಕೆರೆಯಲ್ಲಿ. ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ನನ್ನನ್ನು ಅವರು ಗಡಿಯಾಚೆಯ ತೆಲುಗಿನ ವಾಡಿಕೆಯಂತೆ 'ಅಯ್ಯವಾರು' ಎಂದು ಕರೆಯುತ್ತಿದ್ದರು. ಮೇಷ್ಟ್ರಿಗೆ ಹೇಳುವ ಮಾತು ಅದು. ನನಗೆ ಆ ಮರ್ಯಾದೆ ಸಲ್ಲುತ್ತಿತ್ತೇ ಎಂಬುದು ಬೇರೆ ಮಾತು.

ಒಮ್ಮೆ ಗೈರುಹಾಜರಿಯ ಬಗ್ಗೆ ಸಭೆ ಕರೆದಿದ್ದೆವು. ಹೆಡ್‌ಮಾಸ್ಟರು ಪಟ್ಟಿ ತೆಗೆದು ಓದಲು ಶುರು ಮಾಡಿದರು. ಅಜ್ಜಿ ಕೈ ಅಡ್ಡ ಹಿಡಿದರು.

"ತಡೀರಿ. ನಮ್ಮ ಹಟ್ಟಿ ಪಂಚಾಯ್ತೀಲಿ ಯಾರ ಕುರಿ ಕಳೆದೈತೋ ಅವರು ಮೊದ್ಲು ಮಾತಾಡ್ತಾರೆ. ಹಿರೇರು ಕೊನೀಗೆ. ಇಲ್ಲಿ ಕಳಕೊಂಡಿರೋರು ಯಾರು? ಹುಡುಗ್ರು. ಅವರು ಹೇಳ್ಲಿ."

ಹಾಗೆ ಮೊದಲು ಎದ್ದು ನಿಂತವಳು ಅವರ ಮೊಮ್ಮಗಳೇ. ಆಗ ಐದನೇ ತರಗತಿ. ಅವಳು ಹೇಳಿದ್ದಿಷ್ಟು. ಸಂಕ್ರಾಂತಿ ಕಳೆಯುತ್ತಲೇ ಮನೆಮಂದಿಯೆಲ್ಲ ಕುರಿಯ ಹಿಂದೆ ನೀರಾವರಿ ಸೀಮೆಗೆ ಹೊರಡುತ್ತಿದ್ದರು. ಅಲ್ಲಿನ ರೈತರು ಗೊಬ್ಬರದ ಆಸೆಗೆ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಶಾಲೆಯ ಗಂಟೆ ಹೊಡೆದಾಗ ಈ ಹುಡುಗಿ ಗೇಟಿನವರೆಗೂ ಹೋಗಿದ್ದಾಳೆ. ನಿನ್ನ ಹೆಸರು ಇಲ್ಲಿಲ್ಲ ಅಂದಿದ್ದಾರೆ. ಮುಂಗಾರಿಗೆ ಊರಿಗೆ ಬಂದರೆ, ಇಲ್ಲೂ ಹೆಸರು ಹೊಡೆದಾಗಿದೆ. ಮತ್ತೆ ಬರೆಸಲು ಅಜ್ಜಿ ಇಡೀ ತಿಂಗಳು ಅಲೆದಿದ್ದರು.

ಹುಡುಗಿ ಕೂತ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. "ನಮ್ಮ ಕುರೀನ ಕರೆದು ಹೊಲದಾಗೆ ಮಲಗಿಸ್ಕೊಂತಾರೆ ಅಯ್ಯವಾರು. ನಮ್ಮ ಕೂಸಿಗೆ ಒಂದು ಬೆಂಚು ಕೊಡಾಕೆ ಆಗಲ್ವಾ? ಕುರಿ ಹೋದ ಕಡೆ ಹಾಜರಿನೂ ಹೋಗ್ಲಿ."

ಇಷ್ಟು ವರ್ಷದಲ್ಲಿ ನಾನು ಬರೆದ ಯಾವ ವರದಿಯಲ್ಲೂ ಇಷ್ಟು ನೇರವಾದ ಸಲಹೆ ಇರಲಿಲ್ಲ.

ಆ ಮಳೆಗಾಲದಲ್ಲೇ ಸುತ್ತೋಲೆ ಬಂತು. ದೇಶದ ಶಾಲಾ ಶಿಕ್ಷಣ ನೀತಿಗೆ ಸಲಹೆ ಕೊಡಲು ಜಿಲ್ಲೆ ಜಿಲ್ಲೆಗೂ ಸಮಿತಿ ಮಾಡುತ್ತಾರೆ, ಅವರ ಮಾತು ದಿಲ್ಲಿಯವರೆಗೂ ಹೋಗುತ್ತದೆ, ತಾಲ್ಲೂಕಿಗೊಬ್ಬ ಪೋಷಕರ ಹೆಸರು ಕಳಿಸಿ ಎಂದು. ಹೆಸರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕುಣಿದುಕೊಂಡು ಹಟ್ಟಿಗೆ ಹೋಗಿ, ನಿಮ್ಮ ಹೆಸರೇ ಕಳಿಸುತ್ತೇನೆ ಎಂದು ಅಜ್ಜಿಗೆ ಹೇಳಿಬಿಟ್ಟೆ. ಅಜ್ಜಿ ನಂಬಲಿಲ್ಲ. ನಂಬಿದ ಮೇಲೆ, ಆಡಬೇಕಾದ ಮಾತನ್ನು ಮೊಮ್ಮಗಳ ಕೈಲಿ ನೋಟ್‌ಬುಕ್ಕಿನಲ್ಲಿ ಬರೆಸಿ ದಿನಾ ಓದಿಸಿ ಕೇಳುತ್ತಿದ್ದರಂತೆ.

ಆದರೆ ಆ ನಮೂನೆಯಲ್ಲಿ 'ವಿದ್ಯಾರ್ಹತೆ' ಎಂಬ ಅಂಕಣವಿತ್ತು. 'ಇಲ್ಲ' ಎಂದು ಬರೆದಿದ್ದರೆ ಮುಗಿದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ನನಗೇ ನಾಚಿಕೆಯಾಯಿತು. ದೊಡ್ಡ ಅಧಿಕಾರಿಗಳ ನಡುವೆ ಈಕೆ ಕಾಲು ಮಡಚಿ ಕೂತು ಮುಳ್ಳು ತೆಗೆದರೆ, ಇಂಥವರನ್ನು ಕಳಿಸಿದವನು ಯಾರು ಅಂತ ಕೇಳಿದರೆ? ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತನ್ನು ಭಾಷಣಗಳಲ್ಲಿ ಎಷ್ಟು ಸಲ ಆಡಿಕೊಂಡಿದ್ದೇನೋ! ಅವರ ಹೆಸರು ಬಿಟ್ಟು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ಇಟ್ಟುಕೊಂಡಿದ್ದ ಪದವೀಧರ ಪೋಷಕರೊಬ್ಬರ ಹೆಸರು ತುಂಬಿದೆ. ಅವರು ಸಭೆಗೆ ಹೋಗಿ ಇಂಗ್ಲಿಷ್ ಕಲಿಕೆಯ ಬಗ್ಗೆ ಚೆನ್ನಾಗಿಯೇ ಮಾತಾಡಿ ಬಂದರು. ಊಟವೂ ಚೆನ್ನಾಗಿತ್ತಂತೆ.

ಅಜ್ಜಿಗೆ ಏನು ಹೇಳುವುದು? "ನಿಮ್ಮ ಹೆಸರೇ ಕಳಿಸಿದ್ದೆ, ಮೇಲಿನವರು ಒಪ್ಪಲಿಲ್ಲ" ಅಂದೆ.

ಅವರು ನನ್ನನ್ನೇ ಸಮಾಧಾನ ಮಾಡಿದರು. "ನೀವ್ಯಾಕೆ ಮುಖ ಸಣ್ಣದು ಮಾಡ್ಕೊಂತೀರಿ? ನೀವು ಬರೆದ್ರಲ್ಲ, ಅಷ್ಟು ಸಾಕು. ಅವರು ನಮ್ಮನ್ನ ಕಂಡಿಲ್ಲ, ಅವರ್ದೇನು ತಪ್ಪು?" ಎಂದು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ನಾನು ಕುಡಿದೆ.

ಅವರೊಬ್ಬರು ಹೋಗಿ ಮಾತಾಡಿದ್ದರೆ ದೇಶದ ನೀತಿಯೇ ಬದಲಾಗುತ್ತಿತ್ತು ಎನ್ನುವಷ್ಟು ದಡ್ಡ ನಾನಲ್ಲ. ಆದರೂ ಆ ಕೋಣೆಯಲ್ಲಿ ಒಂದು ಸಲ ಆ ಮಾತು ಕೇಳಿಸುತ್ತಿತ್ತು. ಯಾರಾದರೊಬ್ಬರು ಬರೆದುಕೊಳ್ಳುತ್ತಿದ್ದರೇನೋ. ಮುಂದಿನ ವರ್ಷ ಕುರಿಯ ಹಿಂದೆ ಹೋದ ಹುಡುಗಿಯ ಹೆಸರು ಮತ್ತೆ ಹೋಯಿತು. ನಾನೇ ಓಡಾಡಿ ಸೇರಿಸಿದೆ. ಅದರ ಮುಂದಿನ ವರ್ಷ ಅವಳೇ ಬರಲಿಲ್ಲ. ಕೇಳಿದರೆ ಅಜ್ಜಿ, "ಎಷ್ಟು ಸಲ ಅಂತ ಗೇಟಿನ ಹತ್ರ ನಿಂದ್ರುತ್ತೆ ಕೂಸು" ಅಂದರು. ನಿಜ ಹೇಳಿಬಿಡಬೇಕು ಎಂದು ಆ ದಿನ ಬಾಯಿಯವರೆಗೂ ಬಂದಿತ್ತು. ಮುಂದಿನ ತಿಂಗಳು ಹೇಳಿದರಾಯಿತು ಅಂದುಕೊಂಡೆ. ಹಾಗೆ ಎಷ್ಟು ತಿಂಗಳು ಅಂದುಕೊಂಡೆನೋ ಲೆಕ್ಕವಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮೂರು ದಿನ ಜ್ವರ, ಅಷ್ಟೇ. ತಿಥಿಗೆ ಹೋದಾಗ ಹಟ್ಟಿಯ ಹಿರಿಯರು ಎದ್ದು ನನಗೆ ಜಾಗ ಬಿಟ್ಟರು. ಒಬ್ಬರು ನೆಂಟರಿಗೆ ನನ್ನನ್ನು ತೋರಿಸಿ, "ನಮ್ಮ ಮುದುಕಿ ಹೆಸರು ದಿಲ್ಲಿಗೆ ಬರೆದ ಅಯ್ಯವಾರು ಇವರೇ. ಸಾಯೋ ತನಕ ಹೇಳ್ಕೊಂಡು ತಿರುಗ್ತಿತ್ತು" ಅಂದರು. ಎಲೆ ಹಾಕಿ ಮೊದಲು ನನಗೇ ಬಡಿಸಿದರು. ನಾನು ಉಂಡೆ.

ಹೊರಡುವಾಗ ಮೊಮ್ಮಗಳು ಸ್ಕೂಟರಿನ ಹತ್ತಿರ ಬಂದಳು. ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ.

"ಸಾರ್, ಅಜ್ಜಿ ಹೆಸರು ಬರೆದು ಕಳಿಸಿದ್ರಲ್ಲ, ಆ ಕಾಗದ ಇನ್ನೂ ಐತಾ? ನಂಗೆ ಓದಾಕೆ ಬರ್ತೈತೆ. ಒಂದು ಸಲ ನೋಡಿ ಕೊಡ್ತೀನಿ."

"ಹುಡುಕ್ತೀನಮ್ಮ" ಅಂದೆ.