ತನ್ನದೇ ಪ್ರಬಂಧ ತಿದ್ದುವ ಪ್ರಜ್ಞಾ

ಭಾನುವಾರ ಬೆಳಗಿನ ಆರು ಗಂಟೆ. ಸುರೇಬಾನದಿಂದ ಈರುಳ್ಳಿ ಹೊಲದ ಕಳೆ ತೆಗೆಯಲು ಹೊರಟ ಟಂಟಂ ಆಟೊದಲ್ಲಿ ಹನ್ನೊಂದು ಹೆಂಗಸರು ಒತ್ತಿಕೊಂಡು ಕುಳಿತಿದ್ದಾರೆ. ಹನ್ನೆರಡನೆಯವರ ಕೈಯಲ್ಲಿ ಕುರ್ಪಿಯಿಲ್ಲ, ನೋಟ್‌ಬುಕ್ ಇದೆ.

“ಬಾಜೂಕ ಸರೀರಿ ಮೇಡಮ್ಮಾರ, ನನ್ನ ರೊಟ್ಟಿಗಂಟಿನ ಮ್ಯಾಲ ಕುಂತೀರಿ,” ಎಂದು ಅನ್ನಪೂರ್ಣಾ ರೇಗಿಸುತ್ತಾರೆ.

ಮೇಡಮ್ಮಾರ ಹೆಸರು ಪ್ರಜ್ಞಾ, ವಯಸ್ಸು ಐವತ್ತು. ಬೈಲಹೊಂಗಲದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಹೆಣ್ಣುಮಕ್ಕಳು ತಮ್ಮ ದೇಹದ ನೋವನ್ನು ಯಾರ ಮುಂದೆ ಹೇಳುತ್ತಾರೆ, ಯಾರ ಮುಂದೆ ನುಂಗುತ್ತಾರೆ ಎಂಬುದು ಅವರ ಅಧ್ಯಯನ. ಆದರೆ ಹನ್ನೆರಡು ವರ್ಷಗಳಿಂದ ಅವರು ಹಿಡಿದಿರುವ ಕೆಲಸ ವಿಚಿತ್ರವಾದದ್ದು. ತಮಗೆ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧ ತಪ್ಪೆಂದು ತಾವೇ ಸಾಬೀತುಪಡಿಸುತ್ತಿದ್ದಾರೆ.

ಹತ್ತೊಂಬತ್ತು ವರ್ಷಗಳ ಹಿಂದೆ ಸವದತ್ತಿ, ರಾಮದುರ್ಗ ತಾಲ್ಲೂಕುಗಳ 212 ಹೆಂಗಸರ ಮನೆಗೆ ಹೋಗಿ, ಮುಟ್ಟಿನ, ಗರ್ಭಕೋಶದ ತೊಂದರೆ ಏನಾದರೂ ಇದೆಯೇ ಎಂದು ಕೇಳಿದ್ದರು. 171 ಮಂದಿ ‘ಆರಾಮ ಅದೀನ್ರಿ’ ಎಂದರು. ಪ್ರಜ್ಞಾ ಹಾಗೆಯೇ ಬರೆದುಕೊಂಡರು. ಪ್ರಬಂಧಕ್ಕೆ ಮೆಚ್ಚುಗೆ ಬಂತು, ನೌಕರಿಯೂ ಸಿಕ್ಕಿತು.

ಏಳು ವರ್ಷಗಳ ಬಳಿಕ ಆ 171ರಲ್ಲಿ ಒಬ್ಬರಾದ ಮನೋಳಿಯ ಕೃಷ್ಣವ್ವ ಬಸ್ಸಿನಲ್ಲಿ ಸಿಕ್ಕರು. ಗರ್ಭಕೋಶದ ಆಪರೇಷನ್ ಆಗಿತ್ತು. ನೀವು ಮನೆಗೆ ಬಂದಾಗಲೇ ಅದು ಜಾರಿತ್ತು ಎಂದರು.

“ಮತ್ತ ನನ್ನ ಮುಂದ ಆರಾಮ ಅಂದಿದ್ರಲ್ಲಾ?”

“ಬಾಗಲಾಗ ನಮ್ಮತ್ತಿ ಕುಂತಿದ್ಲು. ನಿಮಗ ಚಾ ತಂದ ಕೊಟ್ಟಾಕಿನೂ ಆಕಿನ. ಏನಂತ ಹೇಳ್ಲಿ?”

ಪ್ರಜ್ಞಾ ಮನೆಗೆ ಬಂದು ಹಳೆಯ ಹಾಳೆ ತೆಗೆದು ನೋಡಿದರು. “ಕೃಷ್ಣವ್ವನ ಹೆಸರಿನ ಮುಂದ ಸೊನ್ನಿ ಬರದಿದ್ದೆ. ಅತ್ತಿ ಮುಂದ ಕುಂದ್ರಿಸಿ ಕೇಳಿದ್ದು ನಂದ ತಪ್ಪು. ಹಂಗಾರ ಉಳದವರದು ಏನಿರಬೇಕು ಅಂತ ಕುತೂಹಲ ಹತ್ತಿತು ನೋಡ್ರಿ.”

ಅಂದಿನಿಂದ ಆ 171 ಮಂದಿಯನ್ನು ಮತ್ತೆ ಹುಡುಕುತ್ತಿದ್ದಾರೆ. ಶನಿವಾರ ಸಂಜೆ ಬಸ್ ಹತ್ತಿ ರಾಮದುರ್ಗದ ತಂಗಿಯ ಮನೆ ಸೇರುತ್ತಾರೆ. ಬೆಳಗಾದರೆ ಟಂಟಂ, ಹೊಲದ ಬದು. ಅತ್ತೆ, ಗಂಡ ಜೊತೆಗಿಲ್ಲದ ಜಾಗಗಳು. ಈಗ ನೋವಿನ ಮಾತನ್ನೇ ಎತ್ತುವುದಿಲ್ಲ. ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀರಿ ಎಂದಷ್ಟೇ ಕೇಳುತ್ತಾರೆ. ಒಬ್ಬರು ಕೊಡ ಹೊರುವುದನ್ನು ಬಿಟ್ಟಿದ್ದಾರೆ. ಇನ್ನೊಬ್ಬರು ಮದುವೆಗೆ ಹೋದರೆ ರಾತ್ರಿ ಉಳಿಯುವುದಿಲ್ಲ. ಏಕೆ, ಎಂದಿನಿಂದ ಎಂಬುದನ್ನು ಆಮೇಲೆ ಅವರೇ ಹೇಳುತ್ತಾರೆ. ಈವರೆಗೆ ಸಿಕ್ಕ 148 ಮಂದಿಯಲ್ಲಿ 93 ಮಂದಿಗೆ ಅಂದೇ ತೊಂದರೆಯಿತ್ತು. ಹದಿನಾಲ್ಕು ಮಂದಿ ತೀರಿಕೊಂಡಿದ್ದಾರೆ. ಅವರ ‘ಆರಾಮ’ವನ್ನು ಇನ್ನು ಯಾರೂ ತಿದ್ದಲಾರರು.

“ಮುಗದ ಕೆಲಸ ಯಾಕ ಕೆದರತೀ ಅಂತ ಗೈಡ್ ಸರ್ ಮಾತು ಬಿಟ್ರು. ನಮ್ಮ ಮನಿಯವ್ರು ಮಾತ್ರ, ಐತಾರದ ಅಡಗಿ ಕಲತೇನಿ, ನೀ ಹೋಗ ಅಂತಾರ,” ಎಂದು ನಗುತ್ತಾರೆ.

ಇನ್ನೂ ಉತ್ತರ ಸಿಗಬೇಕಾದ ಒಂಬತ್ತು ಮಂದಿಯಲ್ಲಿ ಸುರೇಬಾನದ ಗುರವ್ವ ಒಬ್ಬರು. ಮೂರು ಭಾನುವಾರ ಪಕ್ಕದಲ್ಲೇ ಕುಳಿತರೂ ಉತ್ತರ ಸಿಕ್ಕಿಲ್ಲ.

“ಇಕಿ ಓಟ ಯಾರಿಗಿ ಹಾಕೇನಿ ಅಂತ ಬೇಕಾರ ಹೇಳ್ತಾಳ್ರಿ, ಇದನ್ನ ಹೇಳೂದಿಲ್ಲ,” ಎನ್ನುತ್ತಾರೆ ಅನ್ನಪೂರ್ಣಾ. ಟಂಟಂ ತುಂಬ ನಗು. ಗುರವ್ವ ಮಾತ್ರ ಹೊರಗೆ ನೋಡುತ್ತಾರೆ.

ಹೊಲ ಬರುತ್ತದೆ. ಎಲ್ಲರೂ ಇಳಿದರೂ ಗುರವ್ವ ಏಳುವುದಿಲ್ಲ.

“ಮೇಡಮ್ಮಾರ, ನಾ ಆವಾಗ ಸುಳ್ಳ ಹೇಳಿದ್ದೆ ಅಂತ ಗೊತ್ತಾದ್ರ ನಿಮ್ಮ ನೌಕರಿಗಿ ಏನೂ ಆಗೂದಿಲ್ಲಲ್ರಿ?”

ಮೂರು ವಾರ ಪ್ರಜ್ಞಾ ನಾಚಿಕೆ ಎಂದುಕೊಂಡಿದ್ದು ಈ ಕಾಳಜಿಯನ್ನೇ.

“ಇಲ್ಲಕ್ಕಾ, ಏನೂ ಆಗೂದಿಲ್ಲ.”

“ಹಂಗಾರ ಬರ್ಕೋರಿ. ಇಪ್ಪತ್ತ ವರ್ಷಾತು, ಕುಕ್ಕರಗಾಲಿಲೆ ಕುಂತು ಕಳಿ ತಗದಿಲ್ಲ. ಮೊಣಕಾಲೂರಿ ತಗೀತೇನಿ. ಕುಂತ್ರ ಕೆಳಗ ಇಳದ ಬರತೈತಿ.”

“ಗುರುವಾರ ರಾಮದುರ್ಗಕ್ಕ ಲೇಡಿ ಡಾಕ್ಟರ್ ಬರ್ತಾರ. ತೋರಸೂಣೇನು?”

“ನೀವು ಸಂಗಾಟ ಬಂದ್ರ ಬರತೇನಿ.”

ಪ್ರಜ್ಞಾ ಗುರುವಾರಕ್ಕೆ ರಜೆ ಹಾಕುವುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳುತ್ತಾರೆ. ತಮ್ಮ ಹೆಸರು ಪೇಪರಿನಲ್ಲಿ ಬಂದರೆ ಅಡ್ಡಿಯಿಲ್ಲ ಎಂದು, ವರದಿಗೆಂದು ಜೊತೆಗೆ ಬಂದ ನನಗೆ ಹೇಳಿ ಗುರವ್ವ ಸಾಲು ಹಿಡಿಯುತ್ತಾರೆ.

ಇನ್ನು ಎಂಟು ಮಂದಿ. ಅವರೂ ಸಿಕ್ಕ ಮೇಲೆ?

“ನನ್ನ ಹಳೇ ಪ್ರಬಂಧ ಲೈಬ್ರರಿಯಾಗ ಐತ್ರಿ. ಹುಡುಗೂರು ಇನ್ನೂ ಓದತಾರ. ಅದನ್ನ ತಗೀಬ್ಯಾಡ್ರಿ, ಅದರ ಮಗ್ಗಲಕ್ಕ ಇದನ್ನೂ ಇಡ್ರಿ ಅಂತ ಕೇಳತೇನಿ. ಎರಡೂದರಾಗ ಗುರವ್ವಕ್ಕ ಅದಾಳ. ಓದವ್ರು ಎರಡನೇದು ನಂಬಲಿ.”