ವೈಶಾಖದಲ್ಲಿ ಕರಗುವ ಹಾಕಿ ತಂಡ

ಬೆಳಗಿನ ಐದೂವರೆ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಲಾರಿ ಬಂದು ನಿಂತಿದೆ. ಐವತ್ಮೂರರ ಹಮಾಲಿ ಗಂಗಣ್ಣ ಬೆನ್ನ ಮೇಲೆ ಗೋಣಿತಟ್ಟು ಹಾಸಿಕೊಂಡು ಮೂಟೆಗೆ ಹೆಗಲು ಕೊಡುತ್ತಾರೆ. ಲಾರಿ ಖಾಲಿಯಾದದ್ದೇ ತಡ, ಜೊತೆಯವರು ಬೀಡಿಗೆ ಕೈ ಹಾಕಿದರೆ ಇವರು ಗೋಡೆಯ ಬದಿಗೆ ನಡೆಯುತ್ತಾರೆ. ಅಲ್ಲಿ ಹೆಂಗಸರು, ಹುಡುಗಿಯರು ಸಾಲಾಗಿ ಕೂತು ಕೊಡತಿಯಿಂದ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಾರೆ. ಹೊಸಬರು ಕಂಡರೆ ಈ ಮನುಷ್ಯನನ್ನು ತಪ್ಪು ತಿಳಿದಾರು. ಹಳಬರಿಗೆ ಇವರು ನೋಡುವುದು ಮಣಿಕಟ್ಟನ್ನು ಎಂಬುದು ಗೊತ್ತು.

"ಕೊಡತಿ ಎತ್ತಿದಾಗ ಭುಜ ಅಲ್ಲಾಡಬಾರ್ದು. ಮಣಿಕಟ್ಟು ಮಾತ್ರ ತಿರುಗ್ಬೇಕು. ಅಂಗೆ ಕುಟ್ಟೋ ಹುಡ್ಗಿ ಕೈಗೆ ಸ್ಟಿಕ್ ಕೊಟ್ರೆ ಎಂಟೇ ದಿನ ಕಣಪ್ಪ, ಬಾಲು ಅವಳ ಮಾತು ಕೇಳ್ತದೆ," ಎನ್ನುತ್ತಾರೆ ಗಂಗಣ್ಣ. ಈ ಬೇಸಿಗೆಯಲ್ಲಿ ಅಂಥ ಒಂದು ಕೈ ಸಿಕ್ಕಿದೆ. ಹದಿನಾಲ್ಕರ ಕೃಷ್ಣವೇಣಿ, ಅಮ್ಮನ ಜೊತೆ ಹಣ್ಣು ಕುಟ್ಟಲು ಬರುವವಳು.

ಗಂಗಣ್ಣ ಒಂಬತ್ತು ವರ್ಷದಿಂದ ಊರಿನ ಹೆಣ್ಣುಮಕ್ಕಳ ಹಾಕಿ ತಂಡವನ್ನು ನಡೆಸುತ್ತಿದ್ದಾರೆ. ಸಂಬಳವಿಲ್ಲ, ಹುದ್ದೆಯಿಲ್ಲ, ಕೋಚ್ ಎಂದು ಕರೆದರೆ ನಾಚಿಕೊಳ್ಳುತ್ತಾರೆ. ದೊಡ್ಡ ಊರುಗಳ ತಂಡಗಳಿಗೆ ಆಟವಿಲ್ಲದ ತಿಂಗಳುಗಳು ಬಲ ಕೂಡಿಸಿಕೊಳ್ಳುವ ಕಾಲ. ಒಳ್ಳೆಯ ಫಾರ್ವರ್ಡ್ ಎಲ್ಲಿದ್ದಾನೆ, ಯಾವ ಗೋಲ್‌ಕೀಪರನ್ನು ಕರೆತರಬಹುದು ಎಂದು ಕೂತು ಯೋಚಿಸುವ ಕಾಲ. ಇವರ ತಂಡಕ್ಕೆ ಮಾತ್ರ ಅದು ಸೋರುವ ಕಾಲ. ಶಾಲೆಗೆ ರಜೆ ಬೀಳುವುದೂ ವೈಶಾಖದ ಲಗ್ನಗಳು ಶುರುವಾಗುವುದೂ ಒಟ್ಟೊಟ್ಟಿಗೆ.

ಈ ವರ್ಷ, ಅಂದರೆ 2007ರ ಮಾರ್ಚಿನಲ್ಲಿ, ಹದಿನಾರು ಹುಡುಗಿಯರಿದ್ದರು. ಮೇ ಮುಗಿಯುವ ಹೊತ್ತಿಗೆ ಗೋಲ್‌ಕೀಪರೂ ಸೇರಿ ನಾಲ್ವರಿಗೆ ಮದುವೆಯಾಗಿದೆ. ಒಬ್ಬಳು ಗಾರ್ಮೆಂಟ್ಸ್ ಸೇರಿದಳು. ಹತ್ತನೇ ತರಗತಿ ಮುಗಿಸಿದ ಇಬ್ಬರನ್ನು ಮನೆಯವರು ಹೊರಗೆ ಬಿಡುತ್ತಿಲ್ಲ. ಉಳಿದವರು ಒಂಬತ್ತು, ಕೃಷ್ಣವೇಣಿ ಸೇರಿ ಹತ್ತು. ಹೋದ ವರ್ಷವೂ ಹೀಗೇ ಜನ ಸಾಲದೆ ಜಿಲ್ಲಾ ಟೂರ್ನಿಗೆ ಹೋಗಲಾಗಲಿಲ್ಲ. ಜೂನ್ ಹತ್ತರೊಳಗೆ ಹನ್ನೊಂದು ಹೆಸರು ಬರದಿದ್ದರೆ ಇನ್ನು ಮುಂದೆ ನಿಮ್ಮ ತಂಡವನ್ನು ಕರೆಯುವುದೇ ಇಲ್ಲ ಎಂದು ಟೂರ್ನಿ ನಡೆಸುವವರು ಹೇಳಿ ಕಳಿಸಿದ್ದಾರೆ.

ತಮಾಷೆಯೆಂದರೆ ಗಂಗಣ್ಣ ಬದುಕಿನಲ್ಲಿ ಒಂದೇ ಒಂದು ಮ್ಯಾಚ್ ಆಡಿದವರಲ್ಲ. ಡ್ರಿಲ್ ಟೀಚರ್ ಬನಶಂಕರಮ್ಮ ತಂಡ ಕಟ್ಟಿದಾಗ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಇವರನ್ನು ಕರೆದಿದ್ದರು. ಗೆರೆ ಎಳೆದವರು ಗೆರೆಯಾಚೆ ನಿಂತು ಆಟ ನೋಡಿದರು, ನಿಯಮ ಕಲಿತರು. ಟೀಚರಿಗೆ ವರ್ಗವಾದಾಗ ವಿಸಲ್ ಇವರ ಕೈಗೆ ಬಂತು. ಅಂದಿನಿಂದ ಆರೂವರೆಯಿಂದ ಎಂಟರವರೆಗೆ ಮೈದಾನ, ಆಮೇಲೆ ಮತ್ತೆ ಮಂಡಿ, ಸಂಜೆ ಪುನಃ ಮೈದಾನ. ತಂಡಕ್ಕಿರುವ ಸ್ಟಿಕ್ಕುಗಳು ಹದಿಮೂರು, ಅದರಲ್ಲಿ ಒಂಬತ್ತಕ್ಕೆ ಸೈಕಲ್ ಟ್ಯೂಬಿನ ಸುತ್ತು. ಗೋಲ್‌ಕೀಪರಿನ ಕಾಲಿನ ಪ್ಯಾಡನ್ನು ಗೋಣಿಯೊಳಗೆ ಹತ್ತಿ ತುರುಕಿ, ಮೂಟೆ ಹೊಲಿಯುವ ದಬ್ಬಳದಲ್ಲಿ ಇವರೇ ಹೊಲಿದಿದ್ದಾರೆ.

ಇಷ್ಟೆಲ್ಲ ಮಾಡಿದ ಗಂಗಣ್ಣ ಒಂದು ತಪ್ಪನ್ನೂ ಮಾಡಿದರು. ನಾಲ್ಕು ವರ್ಷದ ಹಿಂದೆ ತಂಡ ಕಲ್ಯಾಣದುರ್ಗದಲ್ಲಿ ಗೆದ್ದು ಬಂದಾಗ ಹುಡುಗಿಯರನ್ನೆಲ್ಲ ಸ್ಟುಡಿಯೋಗೆ ಕರೆದೊಯ್ದು ಗ್ರೂಪ್ ಫೋಟೋ ತೆಗೆಸಿದರು. ಕಟ್ಟು ಹಾಕಿಸಿ ಮನೆಮನೆಗೂ ಕೊಟ್ಟರು. ಗೋಡೆಯ ಮೇಲೆ ಫೋಟೋ ಇದ್ದರೆ ಅಪ್ಪ ಅಮ್ಮಂದಿರಿಗೆ ಹೆಮ್ಮೆ, ಆಟ ಬಿಡಿಸಲು ಮನಸ್ಸು ಬಾರದು ಎಂದುಕೊಂಡಿದ್ದರು. ಮದುವೆ ದಲ್ಲಾಳಿ ಜಯಣ್ಣ ಒಂದು ಮನೆಯಲ್ಲಿ ಆ ಫೋಟೋ ನೋಡಿದ. ಹದಿನಾರು ಹುಡುಗಿಯರು, ಗಟ್ಟಿಮುಟ್ಟು, ಒಂದೇ ಸಾಲಿನಲ್ಲಿ. ಮನೆಯವರನ್ನು ಕೇಳಿ ಫೋಟೋ ಇಸಿದುಕೊಂಡು ಚೀಲಕ್ಕಿಟ್ಟು ಊರೂರು ತಿರುಗಿದ. ಆ ವೈಶಾಖದಲ್ಲಿ ಐದು ಮದುವೆ ಕುದುರಿದವು. ಐದನೆಯದು ಗಂಗಣ್ಣನ ಮಗಳು ಸುಷ್ಮಾಳದು. ತಂಡದಲ್ಲಿ ಎಡಗಡೆಯ ಫಾರ್ವರ್ಡ್, ಆಗಿನ್ನೂ ಹದಿನಾರು.

"ಪರಿಗಿ ಕಡೆಯೋರು, ಒಳ್ಳೆ ಜನ, ನೀರಾವರಿ ಐತೆ ಅಂದ್ರು. ಮನೇನಾಗೆ ಎಲ್ರೂ ಹೂಂ ಅಂದ್ರು, ನಾನೂ ಹೂಂ ಅಂದ್ಬುಟ್ಟೆ," ಎನ್ನುವಾಗ ಗಂಗಣ್ಣ ತಲೆ ಎತ್ತುವುದಿಲ್ಲ. "ಯಾರೂ ಕತ್ತು ಹಿಡಿದು ನೂಕ್ಲಿಲ್ಲ ಕಣಪ್ಪ. ಅರಿಶಿನ ಹಚ್ಕೊಂಡು ಕೂತಿದ್ಲು. ಬರೋ ವಾರ ಎಡಗಡೆ ಯಾರ್ನ ಆಡಿಸ್ತೀಯಪ್ಪಾ, ಅಂತ ಕೇಳಿದ್ಲು. ಅಷ್ಟೇ ಕೇಳಿದ್ದು."

ಅಂದಿನಿಂದ ತಂಡ ಕ್ಯಾಮೆರಾದ ಮುಂದೆ ನಿಂತಿಲ್ಲ. ಬಜಾರಿನಲ್ಲಿ ಕಂಡಾಗ ಸ್ಟುಡಿಯೋದವನು "ಏಮಿ ಗಂಗಣ್ಣಾ, ಗ್ರೂಪ್ ಫೋಟೋ ಲೇದಾ?" ಎಂದು ತೆಲುಗಿನಲ್ಲಿ ಕೂಗುತ್ತಾನೆ, ಫೋಟೋ ಇಲ್ಲವೇ ಎಂದು. ಗಂಗಣ್ಣ ಕೇಳಿಸದವರಂತೆ ನಡೆದುಬಿಡುತ್ತಾರೆ. ಈ ಲೇಖನದ ಜೊತೆಗೂ ಫೋಟೋ ಬೇಡವೆಂದರು.

ಹನ್ನೊಂದನೆಯವಳು ಸಿಕ್ಕುವ ಆಸೆಯೊಂದು ಇತ್ತು, ಕಂಬದೂರಿನಲ್ಲಿ. ಮೌನಿಕಾ, ಹದಿನೈದು ವರ್ಷ. ಕಲ್ಯಾಣದುರ್ಗ ತಂಡದ ಗೋಲ್‌ಕೀಪರ್ ಆಗಿದ್ದವಳು. ಎರಡು ವರ್ಷದ ಹಿಂದೆ ಇವರ ಹುಡುಗಿಯರಿಗೆ ಒಂದೇ ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಕಲ್ಯಾಣದುರ್ಗದ ತಂಡ ಫೆಬ್ರವರಿಯಲ್ಲೇ ಒಡೆದು ಹೋಗಿದೆ. ಗಂಗಣ್ಣ ಹಿಂದೂಪುರದ ಹಾಸ್ಟೆಲಿನಲ್ಲಿ ಅವಳಿಗೊಂದು ಸೀಟು ಹೇಳಿಟ್ಟು, ಮೇ ಕೊನೆಯ ಭಾನುವಾರ ಬಸ್ ಬದಲಿಸುತ್ತ ಕಂಬದೂರು ತಲುಪುತ್ತಾರೆ. ಅವಳ ಅಜ್ಜಿ ಬೀರಕ್ಕ ಜಗಲಿಯ ಮೇಲೆ ಕೂತಿದ್ದಾಳೆ. ಮೌನಿಕಾ ಹಟ್ಟಿಯ ಬಾಗಿಲಲ್ಲಿ ಕಾಲು ಅಡ್ಡ ಕೊಟ್ಟು ಕುರಿಮರಿಗಳನ್ನು ತಡೆಯುತ್ತಿದ್ದಾಳೆ. ಒಂದೂ ನುಸುಳಿ ಹೋಗುವುದಿಲ್ಲ. ಗಂಗಣ್ಣ ಬಂದ ಕೆಲಸವನ್ನೇ ಮರೆತು ಅದನ್ನು ನೋಡುತ್ತಾರೆ.

ಹಾಸ್ಟೆಲಿನ ವಿಷಯ ಕೇಳಿದ ಬೀರಕ್ಕ, "ನಿಂಗೂ ಒಬ್ಳು ಮಗ್ಳು ಅವ್ಳೆ ಅಂತಲ್ಲಪ್ಪ, ಅವ್ಳು ಆಡ್ತಾವ್ಳಾ?" ಎಂದು ಕೇಳುತ್ತಾಳೆ. ಹೋದ ಕಡೆಯಲ್ಲೆಲ್ಲ ಈ ಪ್ರಶ್ನೆ ಇವರ ಮುಖಕ್ಕೆ ಹೊಡೆದಂತೆ ಬರುತ್ತದೆ.

"ಇಲ್ಲ ಅಕ್ಕಾ. ಮದ್ವೆ ಮಾಡ್ಬುಟ್ಟೆ. ತಪ್ಪು ಮಾಡ್ದೆ. ಅದಕ್ಕೇ ಬಂದಿದೀನಿ."

ಮುದುಕಿ ಎದ್ದು ಒಳಗೆ ಹೋಗಿ ಇವರಿಗೆ ಮಜ್ಜಿಗೆ ತಂದು ಕೊಡುತ್ತಾಳೆ. "ತಾಂಬೂಲ ಬದಲಾಯ್ಸಿ ಒಂಬತ್ತು ದಿನ ಆಯ್ತು ಕಣಪ್ಪ. ಒಂದು ಹದಿನೈದು ದಿನ ಮುಂಚೆ ಬಂದಿದ್ರೆ ನಾನೂ ಯೋಚ್ನೆ ಮಾಡ್ತಿದ್ನೇನೋ. ಈಗ ಮಾತು ಕೊಟ್ಟಾಯ್ತು." ಹದಿನೈದು ದಿನದ ಹಿಂದೆ ಮಂಡಿಗೆ ದಿನಕ್ಕೆ ನಾಲ್ಕು ಲಾರಿ ಬರುತ್ತಿದ್ದವು, ಗಂಗಣ್ಣನಿಗೆ ರಜೆ ಸಿಕ್ಕಿರಲಿಲ್ಲ.

ಬಸ್ಸಿನವರೆಗೂ ಜೊತೆಗೆ ಬಂದ ಮೌನಿಕಾ ಒಂದೇ ಮಾತು ಕೇಳುತ್ತಾಳೆ. "ಮಾಮಾ, ನಿಮ್ಮ ಟೀಮಿಗೆ ಹನ್ನೊಂದು ಜನ ಆದ್ರಾ?"

"ಆದ್ರು ಕಣಮ್ಮ. ನೀನು ಸುಮ್ನೆ ತಲೆ ಕೆಡಿಸ್ಕಬ್ಯಾಡ," ಎಂದು ಸುಳ್ಳು ಹೇಳಿ ಗಂಗಣ್ಣ ಬಸ್ ಹತ್ತುತ್ತಾರೆ.

ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಹತ್ತು ಹುಡುಗಿಯರು. ಗೋಲಿಗೆ ಯಾರಾದರೂ ನಿಲ್ಲಲೇಬೇಕು. ಬೇರೆ ಯಾರೂ ಮುಂದೆ ಬಾರದೆ ಕೃಷ್ಣವೇಣಿಯನ್ನೇ ನಿಲ್ಲಿಸುತ್ತಾರೆ. ಇಡೀ ಬೇಸಿಗೆ ಹುಡುಕಿ ತಂದ ಮಣಿಕಟ್ಟು ಈಗ ಗೋಣಿಯ ಪ್ಯಾಡುಗಳ ಹಿಂದೆ ನಿಂತಿದೆ. ಅವಳಿಗೆ ಪ್ಯಾಡಿನ ದಾರ ಕಟ್ಟಿಕೊಡುವಾಗ ಗಂಗಣ್ಣನ ಕಣ್ಣು ತುಂಬಿದ್ದನ್ನು ಹುಡುಗಿಯರು ನೋಡಿಯೂ ನೋಡದಂತಿದ್ದಾರೆ. ಹೆಸರು ಕೊಡಲು ಇನ್ನು ಎರಡು ವಾರವೂ ಇಲ್ಲ. ಮಂಡಿಯಲ್ಲಿ ಸುಗ್ಗಿ ಮುಗಿಯುತ್ತ ಬಂದು, ಗೋಡೆಯ ಬದಿಯ ಸಾಲು ದಿನದಿನಕ್ಕೆ ಚಿಕ್ಕದಾಗುತ್ತಿದೆ.

ತಂಡಕ್ಕೆ ಏನು ಬೇಕು ಎಂದು ಕೇಳಿದರೆ, ಹೊಸ ಸ್ಟಿಕ್ಕು, ಒಳ್ಳೆ ಆಟಗಾರ್ತಿಯರು, ಗೆಲುವು, ಏನಾದರೂ ಹೇಳಿಯಾರು ಎನ್ನಿಸುತ್ತದೆ. ಗಂಗಣ್ಣ ಮೈದಾನದ ಕಡೆ ನೋಡುತ್ತಾರೆ.

"ಹೊಸೋರ್ ಯಾರೂ ಬ್ಯಾಡ ಕಣಪ್ಪ," ಎನ್ನುತ್ತಾರೆ. "ಒಂಬತ್ತು ವರ್ಷದಾಗೆ ಒಂದು ಸಲಾನೂ ಆಗಿಲ್ಲ. ಒಂದೇ ಒಂದು ವರ್ಷ, ಏಪ್ರಿಲ್‌ನಾಗೆ ಹೋಗ್ ಬತ್ತೀವಿ ಮಾಮಾ ಅಂತ ಹೋದೋರು, ಜೂನ್‌ನಾಗೆ ಅಷ್ಟೂ ಜನ ಬಂದ್ಬುಟ್ರೆ ಸಾಕು."